ತಾರಾಬಾಯಿಯ ಹಿಮದ ಬೂಟು

ಅತ್ತೆ ತೀರಿಕೊಂಡ ದಿನ ನಮ್ಮ ಓಣಿಯ ತಾರಾಬಾಯಿಗೆ ಅಳು ಬರಲಿಲ್ಲ. ನೋಡಲು ಬಂದ ಹೆಂಗಸರೆಲ್ಲ ಅದನ್ನು ಗಮನಿಸಿದರು. ಒಬ್ಬಿಬ್ಬರು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಅದನ್ನೇ ಮಾತಾಡಿಕೊಂಡರು.

ಅತ್ತೆ ಹಾಸಿಗೆ ಹಿಡಿದು ಹತ್ತು ವರ್ಷದ ಮೇಲಾಗಿತ್ತು. ಎಬ್ಬಿಸಿ ಕೂಡ್ರಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಎಲ್ಲ ತಾರಾಬಾಯಿಯೇ ಮಾಡಿದ್ದರು. ಅಷ್ಟೂ ವರ್ಷ ಅವರು ಗದಗ ಬಿಟ್ಟು ಹೊರಗೆ ಹೋದವರಲ್ಲ. ಲಕ್ಷ್ಮೇಶ್ವರದ ತವರಿನಿಂದ ಕರೆ ಬಂದಾಗಲೆಲ್ಲ ಗಂಡ ಶ್ರೀಪಾದರಾಯರನ್ನು ಒಬ್ಬರನ್ನೇ ಕಳಿಸುತ್ತಿದ್ದರು. ರಾಯರು ಮುಂಡರಗಿಯ ಒಂದು ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ನೌಕರಿ ಮುಗಿಸಿದವರು. ನಿವೃತ್ತಿಯಾದ ಮೇಲೆ ಕಟ್ಟೆಯ ಮೇಲೆ ಪೇಪರು ಹಿಡಿದು ಕೂಡುವುದು ಬಿಟ್ಟರೆ ಬೇರೆ ಕೆಲಸ ಅವರಿಗೆ ಗೊತ್ತಿರಲಿಲ್ಲ. ಮಕ್ಕಳಿಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅತ್ತೆ ಕೂಗಿದರೆ ಈ ಕಡೆ ನನಗೆ ಎಚ್ಚರವಾಗುತ್ತಿತ್ತು.

ಹದಿಮೂರನೆಯ ದಿನದ ಅಡಿಗೆಗೆ ನಾವು ನಾಲ್ಕಾರು ಹೆಂಗಸರು ಕೈಜೋಡಿಸಿದ್ದೆವು. ತಾರಾಬಾಯಿ ಬಡಿಸುತ್ತ ಓಡಾಡುತ್ತಿದ್ದರು. ನಡುಮನೆಯ ಫರಸಿಯ ಮೇಲೆ ಕೆಂಪು ಕಲೆಗಳು ಕಂಡವು. ಯಾರೋ ಕುಂಕುಮದ ನೀರು ಚೆಲ್ಲಿದ್ದಾರೆ ಎಂದುಕೊಂಡು ನಾನು ಒರೆಸಲು ಕೂತೆ. ಒರೆಸುತ್ತ ಹೋದಂತೆ ಕಲೆಗಳು ಅಡಿಗೆಮನೆಗೆ ಹೋದವು, ಅಲ್ಲಿಂದ ಹಿತ್ತಲ ಬಾಗಿಲಿಗೆ. ಅಲ್ಲಿ ತಾರಾಬಾಯಿ ನಿಂತಿದ್ದರು. ಅತ್ತೆಯ ಟಾನಿಕ್ ಬಾಟಲಿ ಆ ಬೆಳಿಗ್ಗೆ ಒಡೆದಿತ್ತು. ಅದರ ಚೂರೊಂದು ಅವರ ಅಂಗಾಲಿನಲ್ಲಿ ಪೂರ್ತಿ ಹೊಕ್ಕಿತ್ತು.

"ತಾರಕ್ಕಾ, ಕಾಲಾಗ ಗಾಜು ಐತಿ," ಅಂದೆ.

ಅವರು ಕಾಲು ಎತ್ತಿ ನೋಡಿಕೊಂಡರು. "ಹೌದಲ್ಲ," ಅಂದರು. ಬೇರೆ ಯಾರದೋ ಕಾಲು ನೋಡಿದ ಹಾಗೆ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಅತ್ತೆಯ ಗುಳಿಗೆ ತಪ್ಪಿಸದವರು ತಮ್ಮ ಗುಳಿಗೆ ನೆನಪಾದಾಗ ನುಂಗುತ್ತಿದ್ದರು. ಗಾಜು ತೆಗೆದ ಮೇಲೆ ಡಾಕ್ಟರು ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ತೆಳ್ಳನೆಯ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತ, ಮುಟ್ಟಿದಾಗ ಹೇಳಿ ಅಂದರು. ತಾರಾಬಾಯಿ ಹೇಳಲಿಕ್ಕೆ ಕಾಯುತ್ತ ಕೂತರು. ಡಾಕ್ಟರು ಎಳೆ ಮಡಚಿಟ್ಟ ಮೇಲೂ ಅವರು ಕಣ್ಣು ಮುಚ್ಚಿಯೇ ಇದ್ದರು. ಪರೀಕ್ಷೆ ಇನ್ನೂ ಶುರುವಾಗಿಲ್ಲ ಅಂತ ತಿಳಿದಿದ್ದರು.

ಗಾಯ ಮಾಯಿತು. ಅದಾದ ಮೇಲೆ ಅವರಿಗೆ ಕೆಲಸವಿರಲಿಲ್ಲ. ಬೆಳಿಗ್ಗೆ ಎದ್ದು ಗಂಜಿಗೆ ನೀರಿಟ್ಟು, ಕುದಿದ ಮೇಲೆ ಇಳಿಸಿ, ಚೆಲ್ಲುತ್ತಿದ್ದರು. ಅತ್ತೆಯ ಮಂಚವನ್ನು ಹೊರಗೆ ಹಾಕಿದ ಜಾಗ ಹಾಗೇ ಖಾಲಿ ಇತ್ತು. ಅಲ್ಲಿ ಏನನ್ನೂ ಇಡಲಿಲ್ಲ, ಅಲ್ಲಿ ಕೂಡಲೂ ಇಲ್ಲ. ದುಃಖವೇ ಎಂದು ಕೇಳಿದರೆ ಇಲ್ಲ ಅನ್ನುತ್ತಿದ್ದರು. ಬಿಡುಗಡೆಯಾಯಿತಲ್ಲ ಅಂದರೂ ಇಲ್ಲ ಅನ್ನುತ್ತಿದ್ದರು.

ಅವರ ಅಕ್ಕನ ಮಗಳು ವಿಶ್ರುತ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳೂ ಅವಳ ಗೆಳತಿ ಹರ್ಷಾಳೂ ಕೂಡಿ ಮನಾಲಿಯ ಹತ್ತಿರ ಸೋಲಂಗ ಅನ್ನುವ ಹಳ್ಳಿಗೆ ಹೋಗಿ ಸ್ಕೀಯಿಂಗ್ ಕಲಿಯಬೇಕೆಂದು ಜನವರಿಗೆ ಎಲ್ಲ ಗೊತ್ತು ಮಾಡಿದ್ದರು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ಅಷ್ಟರಲ್ಲಿ ಹರ್ಷಾ ಬಸುರಿಯಾದಳು. ಒಂದು ಜಾಗ ಉಳಿಯಿತು. ವಿಶ್ರುತ ಒಂದು ಭಾನುವಾರ ಬಂದು ಚಹಾ ಕುಡಿಯುತ್ತ ಕೇಳಿದಳು.

"ಮೌಶಿ, ನನ್ನ ಜೋಡಿ ಬರ್ತೀ? ನೀ ಏನೂ ಜಾರಬ್ಯಾಡ. ನಾ ಜಾರತೀನಿ, ನೀ ನೋಡ್ಕೋತ ಕೂಡು."

"ಆತು," ಅಂದರು ತಾರಾಬಾಯಿ.

ವಿಶ್ರುತ ಒಪ್ಪಿಸಲಿಕ್ಕೆ ಇನ್ನೂ ಎಷ್ಟೋ ಮಾತು ಕೂಡಿಟ್ಟುಕೊಂಡು ಬಂದಿದ್ದಳು. ಅವು ಬೇಕಾಗಲಿಲ್ಲ. ಪೇಪರಿನ ಹಿಂದಿನಿಂದ ರಾಯರು ತಲೆ ಎತ್ತಿ ಹೆಂಡತಿಯನ್ನು ನೋಡಿ, "ಅಲ್ಲೆ ಭಾಳ ಥಂಡಿ ಇರ್ತದ," ಅಂದರು. ಮತ್ತೆ ಪೇಪರಿಗೆ ಮರಳಿದರು.

ಸ್ವೆಟರು, ಶಾಲು, ಕಿವಿ ಮುಚ್ಚುವ ಟೊಪ್ಪಿಗೆ ಎಲ್ಲ ಸಿಕ್ಕವು. ಉಳಿದದ್ದು ಕಾಲಿನದು. ವಿಶ್ರುತ ವಿಚಾರಿಸಿ ತಿಳಿದುಕೊಂಡಿದ್ದಳು: ಜಾರುವಾಗ ಹಾಕುವ ಗಟ್ಟಿ ಬೂಟನ್ನು ಹಲಗೆಯ ಜೊತೆಗೆ ಅಲ್ಲೇ ಬಾಡಿಗೆಗೆ ಕೊಡುತ್ತಾರೆ. ಆದರೆ ಜಾರದ ಹೊತ್ತಿನಲ್ಲಿ, ರೂಮಿನಿಂದ ಹೊರಗೆ ಬರಲಿಕ್ಕೆ, ಊಟಕ್ಕೆ ಹೋಗಲಿಕ್ಕೆ, ಹಿಮ ಗಟ್ಟಿಯಾದ ದಾರಿಯಲ್ಲಿ ನಡೆಯಲಿಕ್ಕೆ ನಮ್ಮದೇ ಬೂಟು ಬೇಕು. ತಾರಾಬಾಯಿಗೆ ದಿನವಿಡೀ ಜಾರದ ಹೊತ್ತೇ. ಅವರೋ ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟು ಬೇರೆ ಹಾಕಿದವರಲ್ಲ, ಮನೆಯೊಳಗೆ ಅದೂ ಇಲ್ಲ.

ಇಬ್ಬರೂ ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದಕ್ಕೆ ಹೋದರು. ಅಲ್ಲಿ ಆದದ್ದನ್ನು ವಿಶ್ರುತ ಆಮೇಲೆ ನನಗೆ ಹೇಳಿದಳು. ಗಾಜಿನ ಬಾಗಿಲು, ತಂಪು ಗಾಳಿ, ಗೋಡೆಯುದ್ದಕ್ಕೂ ಬೂಟು. ಅವಳು ತನಗೆ ಮೊಲದ ತುಪ್ಪಳದಂಥ ಅಂಚಿದ್ದ ಕಂದು ಬೂಟು ಆರಿಸಿಕೊಂಡಳು, ಮೌಶಿಗೂ ಅಂಥದೇ ತೆಗೆಸಿದಳು. ಸೇಲ್ಸ್‌ಮನ್ ಮಂಡಿಯೂರಿ ಅವನ್ನು ತೊಡಿಸಿದ. "ಎದ್ದು ನಡದು ನೋಡ್ರಿ. ಎಲ್ಲ್ಯರ ಒತ್ತತಾವೇನ್ರಿ?"

ತಾರಾಬಾಯಿ ಅಂಗಡಿಯ ಆ ತುದಿಯತನಕ ನಡೆದು ತಿರುಗಿ ಬಂದರು. ನಿಂತು ಬೂಟನ್ನೇ ನೋಡಿದರು. "ನೋಡ್ಲಿಕ್ಕೆ ಛಲೋ ಅವ," ಅಂದರು.

"ನೋಡೋದಲ್ಲ ಮೌಶಿ. ಬಿಗಿ ಆಗ್ತಾವೇನು, ಸಡ್ಲ ಆಗ್ತಾವೇನು?"

"ನೀನ ಹೇಳು."

ವಿಶ್ರುತಳಿಗೆ ಸಿಟ್ಟು ಬಂತು. ಆಮೇಲೆ ಸೇಲ್ಸ್‌ಮನ್ ಬೂಟು ಕಳಚಿದ. ಎಡಗಾಲಿನ ಬೂಟಿನ ಮುಂದೆ, ಆಕಾರ ಕೆಡದಿರಲೆಂದು ಕಂಪನಿಯವರು ತುರುಕಿದ್ದ ಕಾಗದದ ಉಂಡೆ ಹಾಗೇ ಇತ್ತು. ತಾರಾಬಾಯಿಯ ಬೆರಳುಗಳು ಅದರ ಮೇಲೆ ಮಡಚಿಕೊಂಡು ಕೆಂಪಾಗಿದ್ದವು. ಅವರು ಅದರ ಮೇಲೇ ಅಂಗಡಿ ಸುತ್ತಿ ಬಂದಿದ್ದರು.

ಸೇಲ್ಸ್‌ಮನ್ ಉಂಡೆಯನ್ನು ಹೊರಗೆ ತೆಗೆದ. ವಿಶ್ರುತಳಿಗೆ ಗಾಜಿನ ಸುದ್ದಿ ಗೊತ್ತಿತ್ತು, ಆದರೆ ಹೀಗೆಂದು ತಿಳಿದಿರಲಿಲ್ಲ. ಅವಳು ಬೆಂಚಿನ ಮೇಲೆ ಮೌಶಿಯ ಪಕ್ಕಕ್ಕೆ ಕೂತಳು.

"ಹೋಗೋದು ಬ್ಯಾಡ ಬಿಡು," ಅಂದಳು.

"ಆತು," ಅಂದರು ತಾರಾಬಾಯಿ.

ಬರುತ್ತೇನೆ ಅಂದದ್ದೂ, ಬೇಡ ಅಂದದ್ದಕ್ಕೆ ಒಪ್ಪಿದ್ದೂ ಒಂದೇ ದನಿಯಲ್ಲಿ. ವಿಶ್ರುತಳನ್ನು ಹೆದರಿಸಿದ್ದು ಕಾಲಿಗಿಂತ ಹೆಚ್ಚಾಗಿ ಆ ದನಿ. ಅಲ್ಲೇ ಕೂತು ಡಾಕ್ಟರಿಗೆ ಫೋನ್ ಮಾಡಿದಳು. ಕರೆದುಕೊಂಡು ಹೋಗಬಹುದು, ಬೂಟು ಸರಿ ಇರಬೇಕು, ದಿನಾ ಸಂಜೆ ಕಾಲು ನೋಡಬೇಕು, ಬೆಂಕಿಗೆ ಹಿಡಿಯಬಾರದು ಎಂದರು ಅವರು. ತನಗೆಂದು ಆರಿಸಿದ ಕಂದು ಬೂಟನ್ನು ಮಾತ್ರ ಕಟ್ಟಿಸಿಕೊಂಡು ಹೊರಬಿದ್ದಳು.

ಬೆಟಗೇರಿಯ ಕುತುಬುದ್ದೀನ ಸಾಹೇಬರ ಅಂಗಡಿಗೆ ಹೋಗಿ ನೋಡಿ ಅಂದವಳು ನಾನು. ಅವರ ಹೆಂಡತಿ ಗುಲಾಬಬಿಗೂ ಸಕ್ಕರೆ ಕಾಯಿಲೆ. ಎರಡು ಬೆರಳು ಹೋಗಿವೆ. ನನ್ನ ಅತ್ತೆಗೆ ಮೆತ್ತನೆಯ ಚಪ್ಪಲಿ ಅವರಲ್ಲೇ ಮಾಡಿಸಿದ್ದೆವು. ಮರುದಿನ ಸಂಜೆ ಮೂವರೂ ಆಟೋದಲ್ಲಿ ಹೋದೆವು.

ಸಣ್ಣ ಅಂಗಡಿ. ಹೊರಗೆ ಹಗ್ಗಕ್ಕೆ ಚಪ್ಪಲಿಗಳ ಗೊಂಚಲು, ಒಳಗೆ ಶಾಲೆಯ ಬೂಟು, ಹೊಲದ ಕೆಲಸದ ಗಂಬೂಟು. ಕುತುಬುದ್ದೀನ ಸಾಹೇಬರು ಎದ್ದು ನಿಂತು, "ಬರ್ರಿ ಬಾಯಾರ, ಕುಂಡ್ರಿ," ಅಂದರು. ವಿಶ್ರುತ ಎಲ್ಲ ಹೇಳಿದಳು. ಅವರು ತಲೆ ಕೆರೆದುಕೊಂಡರು.

"ಬರ್ಫಿನ ಮ್ಯಾಗ ನಡಿಯೂ ಬೂಟು ನಾ ಮಾರಿಲ್ಲವಾ. ಇಲ್ಲಿ ಮಳಿಗಾಲದಾಗ ಎರಿ ಮಣ್ಣಾಗ ನಡಿಯೂದು ಅಷ್ಟ ಗೊತ್ತ ನಮಗ."

ಒಳಗಿನ ಕೋಣೆಯಿಂದ ಗುಲಾಬಬಿ ಮೆಲ್ಲಗೆ ಹೆಜ್ಜೆ ಹಾಕುತ್ತ ಬಂದು ತಾರಾಬಾಯಿಯ ಎದುರು ನೆಲದ ಮೇಲೆ ಕೂತರು. "ಕಾಲು ತೋರಸ್ರಿ," ಅಂದರು. ತಾರಾಬಾಯಿ ಸಂಕೋಚದಿಂದ ಕಾಲು ಹಿಂದಕ್ಕೆ ಎಳೆದುಕೊಂಡರು. ಗುಲಾಬಬಿ ತಮ್ಮ ಕಾಲನ್ನು ಮುಂದಕ್ಕೆ ಚಾಚಿ, ಕಾಲುಚೀಲ ತೆಗೆದು, ಬೆರಳಿಲ್ಲದ ಜಾಗವನ್ನು ತೋರಿಸಿದರು.

"ನಂದೂ ಹಿಂಗ. ಒಳಗ ಸಣ್ಣ ಹರಳು ಇತ್ತು, ಗೊತ್ತ ಆಗ್ಲಿಲ್ಲ. ಮುಂಜಾನಿಂದ ಸಂಜೀತನಾ ಅದರ ಮ್ಯಾಗ ತಿರುಗ್ಯಾಡೀನಿ. ನಮ್ಮ ಮನ್ಯಾಗ ಇಷ್ಟ ಚಪ್ಪಲಿ, ನನಗ ಆಗಿದ್ದು ಹಿಂಗ. ಹುಬ್ಬಳ್ಳಿ ದವಾಖಾನ್ಯಾಗ ನರ್ಸಬಾಯಿ ಒಬ್ಬಾಕಿ ಹೇಳಿಕೊಟ್ಟಳು, ಹೆಂಗ ನೋಡಬೇಕಂತ."

ಆಗ ತಾರಾಬಾಯಿ ಕಾಲು ಮುಂದೆ ಮಾಡಿದರು.

ಗುಲಾಬಬಿ ದಪ್ಪ ಉಣ್ಣೆಯ ಕಾಲುಚೀಲ ತರಿಸಿ ತೊಡಿಸಿದರು. ಕಾಲುಚೀಲದ ಸಮೇತ ಪಾದವನ್ನು ರಟ್ಟಿನ ಮೇಲೆ ಇಡಿಸಿ, ಎದ್ದು ನಿಲ್ಲಲು ಹೇಳಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಆ ಗೆರೆಯ ಮೇಲೆ ಕತ್ತರಿಸಿ ರಟ್ಟಿನ ಪಾದ ಮಾಡಿದರು. ಸಂಜೆ ಹೊತ್ತಿಗೆ ಕಾಲು ಬಾತಿರುತ್ತದೆ, ಆಗಲೇ ಅಳೆಯಬೇಕು ಅಂದರು. ಸಾಹೇಬರು ತಂದುಕೊಟ್ಟ ಒಂದೊಂದು ಬೂಟಿನೊಳಗೂ ಆ ರಟ್ಟು ತೂರಿಸಿದರು. ಹೆಂಗಸರ ಬೂಟುಗಳಲ್ಲಿ ಅದು ಅಂಚಿನಲ್ಲಿ ಮಡಚಿಕೊಂಡಿತು. ಗಂಬೂಟಿನಲ್ಲಿ ಸರಿಯಾಗಿ ಕೂತಿತು, ಆದರೆ ಒಳಗೆ ಗಾಳಿಯಾಡದೆ ಕಾಲು ಬೆವತು ಚರ್ಮ ಮೆತ್ತಗಾಗುತ್ತದೆ ಎಂದು ಬೇಡವೆಂದರು.

ಕಡೆಗೆ ಸಾಹೇಬರು ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಗುಡ್ಡದ ಮೇಲೆ ಗಾಳಿಯಂತ್ರ ನೋಡಿಕೊಳ್ಳುವವರಿಗೆಂದು ತರಿಸಿದ್ದ ಬೂಟು. ಮುಂದೆ ಕಬ್ಬಿಣವಿದ್ದ ಜೋಡಿಯನ್ನು ತಾವೇ ಬದಿಗಿಟ್ಟರು. ಕಬ್ಬಿಣ ಥಂಡಿ ಎಳೆಯುತ್ತದೆ ಎಂದರು. ಕಬ್ಬಿಣವಿಲ್ಲದ್ದು ಒಂದೇ ಜೋಡಿ ಇತ್ತು. ಗಂಡಸರದು, ಬೂದಿಬಣ್ಣ, ಪಾದದ ಗಂಟು ಮುಚ್ಚುವಂಥದು, ನೀರು ಒಳಬರದ ಮೇಲ್ಭಾಗ, ಆಳ ಗೆರೆಗಳ ರಬ್ಬರಿನ ತಳ. ರಟ್ಟು ಅದರೊಳಗೆ ಹೋಗಿ ಸಪಾಟಾಗಿ ಮಲಗಿತು, ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯಿತು.

ಗುಲಾಬಬಿ ಮೊಣಕೈತನಕ ಕೈ ಹಾಕಿ ಒಳಗಿನ ಹೊಲಿಗೆಯನ್ನೆಲ್ಲ ತಡವಿದರು. ಆಮೇಲೆ ತಾರಾಬಾಯಿಗೆ ಅಂದರು, "ನೀವೂ ಕೈ ಹಾಕ್ರಿ. ಕಾಲು ನಿಮಗೇನೂ ಹೇಳೂದಿಲ್ಲ. ಹಾಕೋಳೂ ಮುಂದ ದಿನಾ ಕೈಲೆ ನೋಡಬೇಕು, ಝಾಡಿಸಬೇಕು."

ತಾರಾಬಾಯಿ ಕೈ ಹಾಕಿದರು. ವಿಶ್ರುತಳೂ ಹಾಕಿದಳು. ಗುಲಾಬಬಿ ಅವಳ ಕಡೆಗೆ ತಿರುಗಿ, "ಸಂಜೀಕ ಅಂಗಾಲು ನೀ ನೋಡಬೇಕವಾ. ತಮ್ಮ ಅಂಗಾಲು ತಮಗ ಕಾಣೂದಿಲ್ಲ," ಅಂದರು. ಅವಳು ಹೂಂ ಅಂದಳು.

ಆ ಬೂಟು ಹಾಕಿಕೊಂಡು ತಾರಾಬಾಯಿ ಅಂಗಡಿಯ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ನಡೆದರು. ಒಂಬತ್ತು ಗಜದ ಇಳಕಲ್ ಸೀರೆಯ ಕೆಳಗೆ ಗಾಳಿಯಂತ್ರದವರ ಬೂಟು. ಎದುರಿನ ಅಂಗಡಿಯ ಕಟ್ಟೆಯ ಮೇಲಿದ್ದವರು ನೋಡಿದರು. ತಾರಾಬಾಯಿ ಯಾರ ಕಡೆಗೂ ನೋಡಲಿಲ್ಲ. ಆ ಬೂಟನ್ನೇ ಇಟ್ಟುಕೊಂಡರು. ಹೊರಡುವತನಕ ಪ್ರತಿದಿನ ಸಂಜೆ ಅದನ್ನು ಹಾಕಿಕೊಂಡು ಓಣಿಯಲ್ಲಿ ಅತ್ತಿಂದಿತ್ತ ನಡೆದು ಹದ ಮಾಡಿದರು.

ಸೋಲಂಗದ ದಾರಿಯಲ್ಲಿ ಕೋಟು, ಬೂಟು ಬಾಡಿಗೆ ಕೊಡುವ ಅಂಗಡಿಗಳು ಸಾಲಾಗಿವೆಯಂತೆ. ಡ್ರೈವರು ಗಾಡಿ ನಿಲ್ಲಿಸಿ ಇಬ್ಬರ ಕಾಲನ್ನೂ ನೋಡಿ, ತಾರಾಬಾಯಿಯ ಬೂಟಿಗೆ ತಲೆದೂಗಿ, ವಿಶ್ರುತಳ ಬೂಟಿಗೆ ಬೇಡವೆಂದು ಕೈಯಾಡಿಸಿದ. ಅವಳು ಕೇಳಲಿಲ್ಲ.

ಮೊದಲ ದಿನ ಇಳಿಜಾರಿನ ಮೇಲೆ ಅವಳು ಲೆಕ್ಕವಿಲ್ಲದಷ್ಟು ಸಲ ಬಿದ್ದಳು. ಬಾಡಿಗೆಯ ಗಟ್ಟಿ ಬೂಟು ಕಳಚಿ ತನ್ನ ಕಂದು ಬೂಟು ಹಾಕಿಕೊಂಡು ರೂಮಿಗೆ ಬರುವಷ್ಟರಲ್ಲಿ ಆ ಮೆತ್ತನೆಯ ಚರ್ಮ ಹಿಮದ ನೀರನ್ನೆಲ್ಲ ಕುಡಿದಿತ್ತು. ಹೋಟೆಲಿನ ನಡುಮನೆಯಲ್ಲಿ ಕಟ್ಟಿಗೆ ಹಾಕುವ ಕಬ್ಬಿಣದ ಒಲೆ ಇತ್ತು. ಎಲ್ಲರೂ ಅದರ ಸುತ್ತ ಕಾಲು ಚಾಚಿ ಕೂಡುತ್ತಿದ್ದರು. ವಿಶ್ರುತ ಕೂತು ಸ್ವಲ್ಪ ಹೊತ್ತಿಗೆ ಹಲ್ಲು ಕಚ್ಚಿ ನರಳತೊಡಗಿದಳು.

"ಏನಾತ?" ತಾರಾಬಾಯಿ ಕೇಳಿದರು.

"ಕಾಲು ಸತ್ತಂಗ ಆಗಿದ್ವು ಮೌಶಿ. ಈಗ ಜೀವ ಬರ್ಲಿಕ್ಕತ್ತದ. ಸೂಜಿ ಚುಚ್ಚಿದಂಗ ಆಗ್ಲಿಕ್ಕತ್ತದ."

"ಭಾಳ ಚುಚ್ಚತದೇನು?"

"ಭಾಳ." ಅವಳ ಕಣ್ಣಲ್ಲಿ ನೀರು ಬಂದಿತ್ತು.

ತಾರಾಬಾಯಿ ಅವಳ ಕಾಲನ್ನೇ ನೋಡುತ್ತ ಕೂತರು. ಆಮೇಲೆ ತಮ್ಮ ಪೆಟ್ಟಿಗೆಯಿಂದ ಇನ್ನೊಂದು ಜೋಡಿ ಉಣ್ಣೆಯ ಕಾಲುಚೀಲ ತಂದು ಕೊಟ್ಟರು. ಮರುದಿನ ವಿಶ್ರುತ ಗಂಬೂಟು ಬಾಡಿಗೆಗೆ ತಂದಳು.

ಅವಳು ಕಲಿಯುವಾಗ ತಾರಾಬಾಯಿ ಇಳಿಜಾರಿನ ಕೆಳಗೆ ಚಹಾದ ಅಂಗಡಿಯ ಕುರ್ಚಿಯಲ್ಲಿ ಕೂಡುತ್ತಿದ್ದರು. ಮೂರನೆಯ ದಿನ ಎದ್ದು ನಡೆದರು. ಎಲ್ಲಿಗೆ ಎಂದಿರಲಿಲ್ಲ. ದೇವದಾರು ಮರಗಳವರೆಗೆ ಹೋದರು. ಅಲ್ಲಿ ಹೆಜ್ಜೆಯಿಟ್ಟಲ್ಲಿ ಹಿಮ ಮೊಣಕಾಲಿನತನಕ ಕುಸಿಯಿತು. ಅವರು ಕಾಲು ಕಿತ್ತುಕೊಂಡು ಇನ್ನಷ್ಟು ನಡೆದರು. ಜನರ ದನಿ ಕೇಳಿಸದಾಯಿತು. ಅಲ್ಲಿ ನಿಂತಾಗ ಏನನಿಸಿತು ಅಂತ ನಾನು ಕೇಳಿದ್ದೇನೆ. "ಏನೂ ಅನಸ್ಲಿಲ್ಲ. ಬೆಳ್ಳಗಿತ್ತು. ನಿಂತಿದ್ದೆ," ಅಂದರು.

ಸಂಜೆ ವಿಶ್ರುತ ಎಂದಿನಂತೆ ಅವರ ಬೂಟು ಕಳಚಿದಳು. ಬಲಗಾಲಿನ ಕಾಲುಚೀಲ ತಣ್ಣಗೆ ಒದ್ದೆಯಾಗಿತ್ತು. ಬೂಟಿನ ಬಾಯಿಯಿಂದ ಹಿಮ ಒಳಗೆ ಬಿದ್ದು ಅಲ್ಲೇ ಕರಗಿತ್ತು. ಕಾಲುಚೀಲ ತೆಗೆದರೆ ಹಿಮ್ಮಡಿಯೂ ಬೆರಳುಗಳೂ ಮೇಣದಂತೆ ಬಿಳುಚಿದ್ದವು. ತಾರಾಬಾಯಿ ಆ ಹೊತ್ತೆಲ್ಲ ಚಹಾ ಕುಡಿಯುತ್ತ ಆರಾಮಾಗಿಯೇ ಕೂತಿದ್ದರು.

ವಿಶ್ರುತ ಹೋಟೆಲಿನ ಯಜಮಾನಿಯನ್ನು ಕೂಗಿದಳು. ಆ ಹೆಂಗಸು ಬಂದು ನೋಡಿ, ಕಾಲನ್ನು ಒಲೆಯಿಂದ ದೂರ ಸರಿಸಿದಳು. ಉಜ್ಜಬಾರದು, ಬಿಸಿನೀರು ಹಾಕಬಾರದು, ಮೈಶಾಖದಿಂದ ನಿಧಾನ ಬೆಚ್ಚಗೆ ಮಾಡಬೇಕು ಅಂದಳು. ವಿಶ್ರುತ ನೆಲದ ಮೇಲೆ ಕೂತು, ಒರೆಸಿದ ಪಾದವನ್ನು ತನ್ನ ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದಳು. ಅವಳಿಗೇ ನಡುಕ ಬಂತು.

"ಬಿಡು, ಕಾಲು ಅದು. ಹಂಗ ಹೊಟ್ಟಿಗೆ ಹಿಡೀಬ್ಯಾಡ," ಅಂದರು ತಾರಾಬಾಯಿ.

"ಸುಮ್ನಿರು ಮೌಶಿ."

ಬಹಳ ಹೊತ್ತು ಇಬ್ಬರೂ ಹಾಗೇ ಕೂತರು. ವಿಶ್ರುತ ನಡುನಡುವೆ ಪಾದವನ್ನು ಹೊರಗೆ ತೆಗೆದು, ಬೆರಳೊತ್ತಿ ನೋಡಿ, ಮತ್ತೆ ಒಳಗಿಟ್ಟುಕೊಳ್ಳುತ್ತಿದ್ದಳು. ತಾರಾಬಾಯಿಗೆ ಅವಳ ಕೈ ಕಾಣುತ್ತಿತ್ತು. ಮುಟ್ಟಿದ್ದು ತಿಳಿಯುತ್ತಿರಲಿಲ್ಲ.

"ಅತ್ತಿಯವರ ಬೆನ್ನು ನಾ ಹಿಂಗ ದಿನಾ ನೋಡತಿದ್ದೆ," ಅಂದರು ಅವರು. "ಕಡೀಕಡೀಕ ನನ್ನ ಹೆಸರು ಮರತಿದ್ರು. ಏ ಬಾಯಿ, ಹುಣ್ಣು ಆಗೇದೇನ ನೋಡು ಅಂತಿದ್ರು. ನೋಡಿ ಹೇಳಿದ ಮ್ಯಾಲ ಕಣ್ಣು ಮುಚ್ಚತಿದ್ರು. ಹೇಳೋತನಾ ಮುಚ್ಚತಿರ್ಲಿಲ್ಲ."

ವಿಶ್ರುತ ತಲೆ ಎತ್ತಲಿಲ್ಲ. ತಾರಾಬಾಯಿ ಆಗಲೂ ಅಳಲಿಲ್ಲ. ಅತ್ತೆ ಹೋದ ಮೇಲೆ ಅತ್ತೆಯ ಬಗ್ಗೆ ತಾರಾಬಾಯಿ ತಾವಾಗಿ ಆಡಿದ ಮೊದಲ ಮಾತು ಅದು. ಬೆರಳುಗಳಲ್ಲಿ ಕೆಂಪು ಮೆಲ್ಲಗೆ ಮರಳಿತು. ಕಿರುಬೆರಳು ಎಲ್ಲಕ್ಕಿಂತ ತಡವಾಗಿ ಬಣ್ಣ ಕಂಡಿತು. ಗುಳ್ಳೆ ಏಳಲಿಲ್ಲ.

ಮರುದಿನ ವಿಶ್ರುತ ಕಲಿಯಲು ಹೋಗುವುದಿಲ್ಲ, ರೂಮಿನಲ್ಲೇ ಇರೋಣ ಅಂದಳು. ತಾರಾಬಾಯಿ ಆತು ಅನ್ನಲಿಲ್ಲ.

"ನೀ ಹೋಗು. ಬೀಳಲಾರದ ಬರೋದು ಒಂದ ಸಲಾನರ ನೋಡಬೇಕು ನಾ," ಅಂದರು. ತಾವೇ ಬೂಟಿನೊಳಗೆ ಕೈ ಹಾಕಿ ತಡವಿ, ಝಾಡಿಸಿ, ಲಾಡಿ ಕಟ್ಟಿಕೊಂಡರು. ಮೇಲಿಂದ ಹಿಮ ಬೀಳದ ಹಾಗೆ ಯಜಮಾನಿ ಅವರ ಕಣಕಾಲಿಗೆ ದಪ್ಪ ಬಟ್ಟೆಯ ಪಟ್ಟಿ ಸುತ್ತಿದಳು. ಅಂದು ಮಧ್ಯಾಹ್ನ ವಿಶ್ರುತ ಮೇಲಿನಿಂದ ಕೆಳಗಿನತನಕ ಬೀಳದೆ ಬಂದಳು. ತಾರಾಬಾಯಿ ಕುರ್ಚಿಯಿಂದ ಎದ್ದು ನಿಂತು ನೋಡಿದರು.

ಊರಿಗೆ ಬಂದ ಮೇಲೆ ಓಣಿಯವರೆಲ್ಲ ಕೇಳಿದರು, ಥಂಡಿ ಎಷ್ಟಿತ್ತು, ಹಿಮ ಹೇಗಿರುತ್ತದೆ ಎಂದು. ತಾರಾಬಾಯಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ವಿಶ್ರುತಳೇ ಎಲ್ಲ ಹೇಳಿದಳು. ಅವಳು ಹುಬ್ಬಳ್ಳಿಗೆ ಹೊರಡುವ ಮುಂದೆ ರಾಯರನ್ನು ಒಳಗೆ ಕರೆದು, ಇನ್ನು ಮುಂದೆ ಸಂಜೆ ಕಾಲು ನೋಡುವ ಕೆಲಸ ನಿಮ್ಮದು ಅಂದಳು. ರಾಯರು ಗೋಡೆಯ ಮೇಲಿನ ದೇವರ ಪಟದ ಕಡೆಗೊಮ್ಮೆ, ಹೆಂಡತಿಯ ಕಡೆಗೊಮ್ಮೆ ನೋಡಿದರು. ಅವರ ಮನೆತನ ಗುಡಿಯ ಪೂಜೆಯದು. ಹಬ್ಬಹುಣ್ಣಿಮೆಗೆ ಅವರ ಕಾಲಿಗೆ ಹೆಂಡತಿ ನಮಸ್ಕಾರ ಮಾಡುವುದು ರೂಢಿ.

"ನನಗ ಹೆಂಗ ನೋಡಬೇಕಂತ ಗೊತ್ತಿಲ್ಲ," ಅಂದರು.

"ಚಾಳೀಸು ಹಾಕ್ಕೊಂಡು ನೋಡ್ರಿ ಕಾಕಾ. ಪೇಪರ್ ನೋಡ್ತೀರಲ್ಲ, ಹಂಗ."

ಮೊದಲ ಸಂಜೆ ನಾನು ಉಪ್ಪಿನಕಾಯಿ ಕೊಡಲು ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆಯ ಮಂಚವಿದ್ದ ಜಾಗದಲ್ಲಿ ತಾರಾಬಾಯಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ರಾಯರು ಕನ್ನಡಕ ಏರಿಸಿ, ಪಾದವನ್ನು ಬೆಳಕಿಗೆ ತಿರುಗಿಸಿ, ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

"ಇಲ್ಲೆ ಒಂದು ಸೀಳು ಅದ ನೋಡು," ಅಂದರು. "ಎಣ್ಣಿ ಹಚ್ಚಲ್ಯಾ?"

"ಸಂದಿಯೊಳಗ ಬ್ಯಾಡಂತ. ಹಿಮ್ಮಡಿಗಷ್ಟ ಹಚ್ಚರಿ," ಅಂದರು ತಾರಾಬಾಯಿ, ಮುಖವನ್ನು ಕಿಟಕಿಯ ಕಡೆಗೆ ಇಟ್ಟುಕೊಂಡು.

ಉಪ್ಪಿನಕಾಯಿಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ನಾನು ಹಿಂದಿರುಗಿದೆ.